ಬೀಳಲೊಲ್ಲದ ಮೂರಂತಸ್ತು

ಈ ಕೆಲಸಕ್ಕೆ ಬರುವ ಮೊದಲು ನಾನು ಗೋವೆಯ ಕುಡಚಡೆಯ ಒಂದು ಬ್ಯೂಟಿ ಪಾರ್ಲರಿನಲ್ಲಿದ್ದೆ. ಅಲ್ಲಿ ಹಳೆಯ ಮುಖಗಳನ್ನು ಹೊಸದು ಮಾಡುತ್ತಿದ್ದೆ. ಈಗ ಹೊಸ ಗೋಡೆಗಳನ್ನು ಹಳೆಯದು ಮಾಡುತ್ತೇನೆ. ಎರಡರಲ್ಲಿ ಯಾವುದು ಸುಲಭ ಎಂದು ಯಾರಾದರೂ ಕೇಳಿದರೆ ಗೋಡೆಯೇ ಎನ್ನುತ್ತೇನೆ. ಗೋಡೆ ನಡುನಡುವೆ ಎದ್ದು ಕನ್ನಡಿ ನೋಡಿಕೊಳ್ಳುವುದಿಲ್ಲ, ಮನೆಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಜಗಳಕ್ಕೆ ಬರುವುದೂ ಇಲ್ಲ.

ಸಿನಿಮಾದಲ್ಲಿ ಸೇತುವೆ ಮುರಿಯುತ್ತದೆ, ಹಡಗು ಮುಳುಗುತ್ತದೆ, ನೀವು ಬಾಯಿ ತೆರೆದು ನೋಡುತ್ತೀರಿ. ಹೆಚ್ಚಿನವು ಕಂಪ್ಯೂಟರಿನಲ್ಲಿ ಮುರಿಯುತ್ತವೆ. ಕೆಲವು ಮಾತ್ರ ನಮ್ಮ ಶೆಡ್ಡಿನ ಹಿಂದೆ ಮುರಿಯುತ್ತವೆ. ಕಂಪ್ಯೂಟರಿನ ಧೂಳು ನೋಡಿದರೆ ಕೆಮ್ಮು ಬರುವುದಿಲ್ಲ ಎಂದು ಹಟ ಹಿಡಿಯುವ ನಿರ್ದೇಶಕರು ಮುಂಬೈಯಲ್ಲಿ ಇನ್ನೂ ಒಂದಿಬ್ಬರು ಉಳಿದಿದ್ದಾರೆ. ದೇವರು ಅವರನ್ನು ಚೆನ್ನಾಗಿಟ್ಟಿರಲಿ, ನಮ್ಮ ಅನ್ನ ಅವರ ಹಟದ ಮೇಲಿದೆ.

ಶೆಡ್ಡು ಮೊದಲು ಅದಿರಿನ ಲಾರಿಗಳ ಗ್ಯಾರೇಜಾಗಿತ್ತು. ಗಣಿಗಳು ಮುಚ್ಚಿ ಲಾರಿಗಳು ನಿಂತ ಮೇಲೆ ನಮ್ಮ ಯಜಮಾನರು ಅದನ್ನು ಬಾಡಿಗೆಗೆ ಹಿಡಿದರು. ಗೋವೆಯ ಎಲ್ಲ ಕೆಲಸದವರ ಹಾಗೆ ನಾವೂ ಅವರನ್ನು ಪಾತ್ರಾಂವ್ ಎನ್ನುತ್ತೇವೆ. ಅವರು ಚಿಕ್ಕಂದಿನಿಂದ ಕಾರ್ನಿವಲ್ಲಿನ ಗಾಡಿ ಅಲಂಕರಿಸಿ, ದೀಪಾವಳಿಗೆ ನರಕಾಸುರನನ್ನು ಕಟ್ಟಿ ಬೆಳೆದವರು. ಇಲ್ಲಿ ಓಣಿಗೊಬ್ಬ ನರಕಾಸುರ. ಹುಡುಗರು ವಾರಗಟ್ಟಲೆ ಕೂತು ಕಾಗದ, ಹುಲ್ಲು, ಬಿದಿರಿನಲ್ಲಿ ಎರಡಾಳೆತ್ತರದ ರಾಕ್ಷಸನನ್ನು ಮಾಡುತ್ತಾರೆ, ಬೆಳಕು ಹರಿಯುವ ಮೊದಲು ಸುಟ್ಟು ಮನೆಗೆ ಹೋಗಿ ಅವಲಕ್ಕಿ ತಿನ್ನುತ್ತಾರೆ. ಆದ್ದರಿಂದ ಕೈಯಾರೆ ಮಾಡಿದ್ದನ್ನು ಕೈಯಾರೆ ಹಾಳು ಮಾಡುವುದು ಪಾತ್ರಾಂವ್‌ಗೆ ಹಬ್ಬದ ಊಟದಷ್ಟೇ ಸಹಜ.

ನಮ್ಮ ಕಸುಬಿನ ಗುಟ್ಟೂ ಅದೇ. ಪುಟ್ಟ ಮಾದರಿಯನ್ನು ಚೆಂದ ಮಾಡುವುದು ಅರ್ಧ ಕೆಲಸ, ಉಳಿದರ್ಧ ಅದು ಚೆಂದವಾಗಿ ಮುರಿಯುವಂತೆ ಮಾಡುವುದು. ಗೋಡೆಯನ್ನು ಪ್ಲಾಸ್ಟರಿಗೆ ಕಟ್ಟಿಗೆಪುಡಿ ಬೆರೆಸಿ ಎರಕ ಹೊಯ್ಯುತ್ತೇವೆ. ಎಲ್ಲಿ ಬಿರಿಯಬೇಕೋ ಅಲ್ಲಿ ಒಳಗಡೆ ಗರಗಸದಿಂದ ಮೊದಲೇ ಗೀರಿರುತ್ತೇವೆ. ಕಂಬಗಳಿಗೆ ತಂತಿ ಕಟ್ಟಿ ಕ್ಯಾಮೆರಾಕ್ಕೆ ಕಾಣದ ಕಡೆಯಿಂದ ಎಳೆಯುತ್ತೇವೆ. ಧೂಳಿಗೆ ಮುಲ್ತಾನಿ ಮಿಟ್ಟಿ, ಪಾರ್ಲರಿನಲ್ಲಿ ನಾನು ಹೆಂಗಸರ ಕೆನ್ನೆಗೆ ಹಚ್ಚುತ್ತಿದ್ದ ಅದೇ ಮುಲ್ತಾನಿ ಮಿಟ್ಟಿ. ಕ್ಯಾಮೆರಾವನ್ನು ಜೋರಾಗಿ ಓಡಿಸಿ ಹಿಡಿದು ಆಮೇಲೆ ನಿಧಾನವಾಗಿ ತೋರಿಸಿದರೆ ಎದೆಯೆತ್ತರದ ಗೋಡೆ ಬೀಳುವುದು ಆಕಾಶವೇ ಕುಸಿದಂತೆ ಕಾಣುತ್ತದೆ.

ನಾನು ಅಲ್ಲಿ ಬಹಳ ಕಾಲ ತುಕ್ಕಿನ ಹೆಂಗಸಾಗಿದ್ದೆ. ಬೆರಳುದ್ದದ ಲಾರಿಗೆ ತುಕ್ಕು, ಹಡಗಿನ ಸರಪಳಿಗೆ ತುಕ್ಕು, ಗೇಣುದ್ದದ ಕ್ರೇನಿಗೆ ತುಕ್ಕು. ಮನೆಗೆ ಬಂದರೆ ಅವ್ವನ ಮಾತು. ಅವಳು ರೈಲ್ವೆ ಸ್ಟೇಷನ್ನಿನ ಹತ್ತಿರ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ರೊಟ್ಟಿಯ ಜೊತೆ ಮಾತನ್ನೂ ಬಡಿಯುತ್ತಾಳೆ.

“ಮಂದಿ ಮಕ್ಕಳು ಮದಿವ್ಯಾಗಿ ಮಕ್ಕಳನ್ನ ಆಡಸಾಕತ್ತಾರ. ನನ್ನ ಮಗಳು ಇನ್ನೂ ತಾನ ಆಟಕಿ ಸಾಮಾನು ಹಿಡಕೊಂಡು ಕುಂತಾಳ.”

ಅಪ್ಪ ಗೌಂಡಿ. ವಿಜಯಪುರದ ಕಡೆಯಿಂದ ಬಂದು ಮುರ್ಮುಗಾಂವ್ ಬಂದರಿನಿಂದ ಕೆಪೆಯವರೆಗೆ ಗೋಡೆ ಎಬ್ಬಿಸಿದವನು. ಬಸ್ಸಿನಲ್ಲಿ ಅವನ ಪಕ್ಕ ಕೂರುವುದೊಂದು ಶಿಕ್ಷೆ. ಕಿಟಕಿಯಾಚೆ ಬೆರಳು ಮಾಡಿ “ಇದು ನಂದು, ಆ ಹಳದಿದೂ ನಂದ, ಅದರ ಹಿಂದಿಂದು ಬ್ಯಾರೇದವರದು, ನೋಡು ಹೆಂಗ ಸೊಟ್ಟ ಐತಿ” ಎನ್ನುತ್ತಾ ಬರುತ್ತಾನೆ. ಹಿಂದಿನ ಸೀಟಿನವರು ಇವನನ್ನು ದೊಡ್ಡ ಆಸ್ತಿವಂತ ಎಂದುಕೊಂಡು ಹವಾಯಿ ಚಪ್ಪಲಿ ನೋಡಿ ಗೊಂದಲಕ್ಕೆ ಬೀಳುತ್ತಾರೆ. ನಾವಿರುವುದು ತಗಡಿನ ಮಾಡಿನ ಕೆಳಗೆ.

ಒಂದು ಮಳೆಗಾಲದ ಮೊದಲು ಅವನ ಸೊಂಟದ ಮಣಿ ಜಾರಿತು. ಇನ್ನು ಭಾರ ಎತ್ತುವಂತಿಲ್ಲ, ಸಾರವೆ ಹತ್ತುವಂತಿಲ್ಲ ಎಂದರು ಡಾಕ್ಟರು. ಅಪ್ಪ ಮನೆಯಲ್ಲಿ ಕುಳಿತ. ಕುಳಿತ ಎನ್ನುವುದು ಸುಳ್ಳು. ತೂಗುಗುಂಡು ಹಿಡಿದು ನೆರೆಯವರ ಮನೆಗಳಿಗೆ ಹೊರಟ. ಕರೆಯದೆ ಹೋಗಿ ಗೋಡೆಗೆ ದಾರ ಇಳಿಬಿಟ್ಟು “ಎರಡ ಬಟ್ಟು ಹೊರಗ ಬಂದೈತ್ರಿ” ಎಂದು ಹೇಳಿ ಬರುತ್ತಿದ್ದ. ಓಣಿಯ ಜನಕ್ಕೆ ನಿದ್ದೆ ಹಾರಿತು. ಪಕ್ಕದ ಮನೆಯಾಕೆ ಒಂದು ದಿನ ಅವ್ವನನ್ನು ಹುಡುಕಿಕೊಂಡು ಬಂದಳು. ಜಗಳಕ್ಕೆ ಬಂದಳು ಎಂದು ನಾವು ಸೆರಗು ಸಿಕ್ಕಿಸಿಕೊಂಡು ನಿಂತರೆ, ಆಕೆ ಒಂದು ಬಟ್ಟಲು ಪಾಯಸ ತಂದಿದ್ದಳು. ಗೋಡೆಗೆ ಹೆದರಿ ಅವಳ ಅತ್ತೆ ಊರಿಗೆ ಹೋಗಿದ್ದಳಂತೆ.

ನಗುತ್ತಿದ್ದೆವು, ನಿಜ. ಆದರೆ ಅಪ್ಪ ದಿನದಿನಕ್ಕೆ ಸಣ್ಣಗಾಗುತ್ತಿದ್ದ. ಊಟದ ತಟ್ಟೆ ಅರ್ಧಕ್ಕೇ ಸರಿಸುತ್ತಿದ್ದ. ಮಾತು ಕಡಿಮೆಯಾಗಿ, ಆಮೇಲೆ ತೂಗುಗುಂಡೂ ಮೊಳೆಯ ಮೇಲೆ ಹೋಗಿ ಕುಳಿತಿತು. ಇಡೀ ದಿನ ತನ್ನ ಅಂಗೈಯನ್ನು ತಿರುವಿ ತಿರುವಿ ನೋಡಿಕೊಂಡು ಕುಳಿತಿರುವ ಅಪ್ಪನನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆಗ ಮುಂಬೈಯಿಂದ ಒಂದು ಕೆಲಸ ಬಂತು. ಬಂದರಿನ ಹತ್ತಿರದ ಕೂಲಿಯವರ ಮೂರಂತಸ್ತಿನ ಕಟ್ಟಡ, ಕಥೆಯ ನಡುವೆ ಅದು ಕುಸಿದು ಬೀಳಬೇಕು. ಪಾತ್ರಾಂವ್ ನನ್ನನ್ನು ಕರೆದು ಈ ಸಲ ಪೂರ್ತಿ ನೀನೇ ನೋಡಿಕೋ, ಬರೀ ತುಕ್ಕಲ್ಲ ಎಂದರು. ನನ್ನ ಜೀವನದಲ್ಲಿ ಮೊದಲ ಸಲ ಒಂದು ಇಡೀ ಕಟ್ಟಡ ನನ್ನದಾಯಿತು. ಆ ಖುಷಿಯ ಬಿಸಿಯಲ್ಲೇ ಕೇಳಿದೆ, ಗೋಡೆ ಎಬ್ಬಿಸಲು ಅಪ್ಪನನ್ನು ಕರೆತರಲೇ? ಕೂತು ಮಾಡುವ ಕೆಲಸ, ಕಲ್ಲು ಬಿಸ್ಕೀಟಿನಷ್ಟು, ಸೊಂಟಕ್ಕೆ ತೊಂದರೆಯಿಲ್ಲ. ಅವರು ತಲೆಯಾಡಿಸಿದರು. ಇದು ಹೊಂದಿದರೆ ಅಪ್ಪನಿಗೆ ಬೆಂಚಿನ ಮೇಲೆ ಕಾಯಂ ಜಾಗ, ಹೊಂದದಿದ್ದರೆ ಮತ್ತೆ ಮನೆ, ಮತ್ತೆ ಅಂಗೈ.

ಮೊದಲ ದಿನ ಅಪ್ಪ ಕೈಗೊಂದು ಕಲ್ಲು ಎತ್ತಿಕೊಂಡು ಮೂಸಿ ನೋಡಿದ.

“ಇದೇನ ಯವ್ವ, ಚಿರೆಕಲ್ಲೋ, ಚಾದಾಗ ಎದ್ದೂದೋ?”

“ಪ್ಲಾಸ್ಟರಿನ ಕಲ್ಲಪ್ಪ.”

“ಪ್ಲಾಸ್ಟರ್ ಕೈ ಮುರದವರಿಗೆ ಹಾಕತಾರ. ಮನಿಗೆ ಯಾಕ?”

“ಇದು ಬೀಳೂ ಮನಿ. ಗಟ್ಟಿ ಇರಬಾರದು. ಎಳದ ಕೂಡಲೇ ಬೀಳಬೇಕು. ತಿಳೀತೇನು?”

“ಹೂಂ.”

ಅಪ್ಪನ ಹೂಂ ಎಂದರೆ ಕೇಳಿಸಿತು ಎಂದು ಅರ್ಥ, ಒಪ್ಪಿದೆ ಎಂದಲ್ಲ. ಇದು ಅವ್ವನಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ನನಗೆ ಗೊತ್ತಾಗಲು ಮೂರಂತಸ್ತಿನ ಕಟ್ಟಡವೇ ಬೇಕಾಯಿತು.

ಅವನ ಕರಣೆ ಈ ಕೆಲಸಕ್ಕೆ ಕೊಡಲಿಯಾದೀತು. ಆದ್ದರಿಂದ ಮನೆಯಿಂದ ಒಂದು ಚಮಚ ಕದ್ದು ತಂದು, ಬಡಿದು ಚಪ್ಪಟೆ ಮಾಡಿ, ಚಿಕ್ಕ ಕರಣೆ ಮಾಡಿಕೊಂಡ. ಅವ್ವ ಆ ಚಮಚಕ್ಕಾಗಿ ವಾರವಿಡೀ ಬೆಕ್ಕನ್ನು ಬೈದಳು. ಬೆಕ್ಕು ಚಮಚ ಒಯ್ದು ಏನು ಮಾಡೀತು ಎಂದು ನಾವಿಬ್ಬರೂ ಕೇಳಲಿಲ್ಲ. ಅಪ್ಪ ಊಟ ಮಾಡತೊಡಗಿದ. ಎರಡನೆಯ ಸಲ ಸಾರು ಕೇಳತೊಡಗಿದ. ಶೆಡ್ಡಿಗೆ ಹೋಗುವಾಗ ನನಗಿಂತ ಮುಂದೆ ನಡೆಯತೊಡಗಿದ. ಅದನ್ನು ನೋಡುತ್ತಿದ್ದರೆ ನನಗೆ ಬೇರೇನೂ ಬೇಡವಾಗಿತ್ತು.

ಗೋವೆಯಲ್ಲಿ ಮಧ್ಯಾಹ್ನದ ಊಟದ ನಂತರ ಒಂದು ನಿದ್ದೆಯುಂಟು. ಅಂಗಡಿಯವರು ಬಾಗಿಲು ಹಾಕುತ್ತಾರೆ, ನಾಯಿಗಳೂ ಬೊಗಳುವುದಿಲ್ಲ. ಪಾತ್ರಾಂವ್ ಅದನ್ನು ಪೂಜೆಯಷ್ಟು ನಿಷ್ಠೆಯಿಂದ ಮಾಡುತ್ತಾರೆ, ಶೆಡ್ಡಿನ ನಾವೆಲ್ಲ ಅವರ ನಿಷ್ಠೆಗೆ ಕುಂದು ಬಾರದಂತೆ ನೋಡಿಕೊಳ್ಳುತ್ತೇವೆ. ಈ ಪದ್ಧತಿ ಅಪ್ಪನಿಗೆ ಹತ್ತಲಿಲ್ಲ. ಬಿಸಿಲೇರಿದ ಮೇಲೆ ಮಲಗುವವನು ಒಂದೋ ರೋಗಿ, ಇಲ್ಲವೇ ಗುತ್ತಿಗೆದಾರ ಎಂದು ಅವನ ನಂಬಿಕೆ. ಎಲ್ಲರೂ ಗೊರಕೆ ಹೊಡೆಯುವಾಗ ಅವನೊಬ್ಬ ಕೆಲಸ ಮಾಡುತ್ತಿದ್ದ. ಒಂದು ಸಲ ನಾನು ಅರ್ಧ ಕಣ್ಣು ತೆರೆದು ನೋಡಿದರೆ ಅಪ್ಪ ಚೊಂಬಿನಿಂದ ಕಟ್ಟಡಕ್ಕೆ ನೀರು ಹನಿಸುತ್ತಿದ್ದ.

“ಏನ ಮಾಡಾಕತ್ತಿಯಪ್ಪ?”

“ಏನಿಲ್ಲ. ಅದಕ್ಕ ನೀರಡಿಕಿ ಆಗಿತ್ತು.”

ಅವನು ಮತ್ತೆ ತಮಾಷೆ ಮಾಡತೊಡಗಿದ್ದಾನೆ ಎಂದು ನಾನು ಸಂತೋಷದಿಂದ ಮಗ್ಗಲು ಬದಲಿಸಿದೆ. ಗೌಂಡಿಯ ಮಗಳಾಗಿ, ಸಿಮೆಂಟಿಗಲ್ಲದೆ ಬೇರೆ ಯಾವುದಕ್ಕೂ ದಿನಾ ನೀರು ಹೊಡೆಯುವುದಿಲ್ಲ ಎಂಬುದು ಹೊಳೆಯಬೇಕಿತ್ತು. ನಿದ್ದೆಯ ಪದ್ಧತಿ ಅಷ್ಟು ಪವಿತ್ರವಾದದ್ದು.

ಕಟ್ಟಡ ಎದ್ದು ನಿಂತಿತು. ಮೆಟ್ಟಿಲು, ನೀರಿನ ಟಾಂಕಿ, ಬಟ್ಟೆ ಒಣಹಾಕುವ ದಾರ. ಕ್ಯಾಮೆರಾ ಎಂದೂ ನೋಡದ ಒಳಕೋಣೆಗಳಲ್ಲಿ ಅಪ್ಪ ದೀಪದ ಗೂಡು ಕೂಡ ಬಿಟ್ಟಿದ್ದ. ಯಾಕೆಂದು ಕೇಳಿದರೆ, ಮನೆಯೆಂದ ಮೇಲೆ ದೇವರನ್ನು ಎಲ್ಲಿ ಇಡುತ್ತಾರೆ ಎಂದು ನನ್ನನ್ನೇ ಕೇಳಿದ. ನಾನು ಮೇಲೆ ಪಾಚಿ ಹಚ್ಚಿದೆ, ಮಳೆನೀರು ಇಳಿದ ಕಲೆ ಎಳೆದೆ, ಬಾಲ್ಕನಿಗಳಿಗೆ ತುಕ್ಕು ಕೊಟ್ಟೆ. ಬಾಲ್ಕನಿಗಳು ಮಾತ್ರ ನಾನೇ ಎರಕ ಹೊಯ್ದವು. ಬಂದರಿನ ಕಡೆ ಹೋಗಿ ಬಂದವರು ಯಾರೇ ನೋಡಿದರೂ ಇದು ಎಲ್ಲೋ ನೋಡಿದ ಮನೆ ಎನ್ನುತ್ತಿದ್ದರು. ನನಗೆ ಹೆಮ್ಮೆಯಿಂದ ರವಿಕೆ ಬಿಗಿಯಾಗಿತ್ತು.

ಚಿತ್ರೀಕರಣದ ಬೆಳಗ್ಗೆ ಶೆಡ್ಡಿನ ಹಿಂದಿನ ಬಯಲಿನಲ್ಲಿ ಎತ್ತರದ ಕಟ್ಟೆಯ ಮೇಲೆ ಕಟ್ಟಡವನ್ನು ಇಟ್ಟೆವು. ಆರು ಜನ ಎತ್ತಿದರು. ಪ್ಲಾಸ್ಟರಿನದು ಇಷ್ಟು ಭಾರವೇ ಎಂದು ಒಬ್ಬ ಗೊಣಗಿದ. ಅಪ್ಪ ಆಕಾಶ ನೋಡಿದ. ಕಂಬದ ತಂತಿಗಳನ್ನು ಒಟ್ಟುಮಾಡಿ ಜೀಪಿಗೆ ಕಟ್ಟಿದರು. ಸಣ್ಣ ಸಿಡಿಮದ್ದಿನ ಪೊಟ್ಟಣಗಳನ್ನು ಮೂಲೆಮೂಲೆಯಲ್ಲಿ ಇಟ್ಟರು. ಮುಂಬೈಯಿಂದ ಬಂದ ನಿರ್ದೇಶಕರು ಮೋಡ ಬರುವ ಮೊದಲು ಮುಗಿಸಿ ಎಂದು ಗಡಿಬಿಡಿ ಮಾಡುತ್ತಿದ್ದರು.

ಆಗ ಅಪ್ಪ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಕಟ್ಟಡದ ಹತ್ತಿರ ಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ಬೆಂಕಿಪೊಟ್ಟಣದಷ್ಟಿದ್ದ ಕಿಟಕಿಗೆ ಬಾಯಿ ಇಟ್ಟು ಕೂಗಿದ.

“ಒಳಗ ಯಾರದೀರಿ, ಹೊರಗ ಬರ್ರಿ.”

ಮೂರು ಮಹಡಿಗೂ ಒಂದೊಂದು ಸಲ ಕೂಗಿದ. ನಮ್ಮ ಕಡೆಯ ಗೌಂಡಿಗಳ ಪದ್ಧತಿ ಅದು. ಸ್ಲ್ಯಾಬ್ ಹಾಕಿದ ಮೇಲೆ ಕೆಳಗೆ ಆನಿಸಿದ ಹಲಗೆ ಬಿಚ್ಚುವಾಗ, ಹಳೆಯ ಮನೆ ಕೆಡವುವಾಗ, ಹಿರಿಯ ಗೌಂಡಿ ಒಳಗೆ ಮುಖ ಹಾಕಿ ಹೀಗೆ ಕರೆಯಬೇಕು. ಖಾಲಿ ಎಂದು ಗೊತ್ತಿದ್ದರೂ ಕರೆಯಬೇಕು. ಯಾರೋ ಒಬ್ಬಳು ನೆರಳು ಎಂದು ಕೂಸನ್ನು ಒಳಗೆ ಮಲಗಿಸಿರುತ್ತಾಳೆ, ಯಾರೋ ಒಬ್ಬ ಬೀಡಿ ಸೇದಲು ಕುಳಿತಿರುತ್ತಾನೆ. ಸಿನಿಮಾದವರು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ಮಹಡಿಯಿಂದ ಒಂದು ಹಲ್ಲಿ ಹೊರಗೆ ಬಂದು ಓಡಿತು. ಅಪ್ಪ ಅವರ ಕಡೆಗೆ ಒಮ್ಮೆ ನೋಡಿ ಸರಿದು ನಿಂತ.

ಮದ್ದು ಹಾರಿತು. ಜೀಪು ಗುಡುಗಿತು. ಧೂಳು ಎಂಥದು ಎದ್ದಿತು ಎನ್ನುತ್ತೀರಿ, ಕುಡಚಡೆಯ ಎಲ್ಲ ಹೆಂಗಸರ ಮುಖಕ್ಕೆ ಆಗುವಷ್ಟು. ನಿರ್ದೇಶಕರು ಚಪ್ಪಾಳೆಗೆ ಕೈ ಎತ್ತಿದರು. ಧೂಳು ಇಳಿಯಿತು. ಅವರ ಕೈ ಅಲ್ಲಿಯೇ ನಿಂತಿತು.

ಕಟ್ಟಡ ಇದ್ದಲ್ಲೇ ಇತ್ತು. ನನ್ನ ಬಾಲ್ಕನಿಗಳು ಮಾತ್ರ ಬಿದ್ದಿದ್ದವು. ದಾರದ ಮೇಲಿನ ಪುಟ್ಟ ಲುಂಗಿಯೂ ಜಾರಿರಲಿಲ್ಲ. ಜೀಪಿನ ಚಕ್ರ ನೆಲ ಅಗೆದು ಕುಳಿತಿತ್ತು, ತಂತಿ ಕಡಿದು ದೂರ ಬಿದ್ದಿತ್ತು. ಎಲ್ಲರೂ ಜೀಪಿನ ಕಡೆಗೆ ಓಡಿದರು. ಅಪ್ಪ ಒಬ್ಬ ಎದೆಯ ಮೇಲೆ ಕೈ ಕಟ್ಟಿ, ಮಗನ ಮದುವೆಯ ಹಂದರದಲ್ಲಿ ನಿಂತವನ ಹಾಗೆ ನಿಂತಿದ್ದ.

“ನಾ ಕಟ್ಟಿದ್ದು ರೀ,” ಎಂದ, ಯಾರೂ ಕೇಳದಿದ್ದರೂ.

ಪಾತ್ರಾಂವ್ ಸುತ್ತಿಗೆ ತಂದು ಮೂಲೆಗೆ ಒಂದು ಬಿಟ್ಟರು. ಸುತ್ತಿಗೆ ಎಗರಿ ವಾಪಸು ಬಂತು. ಮೂಲೆಯ ಬಣ್ಣ ಉದುರಿದಲ್ಲಿ ಬೂದುಬಣ್ಣದ ಒಳ್ಳೆಯ ಸಿಮೆಂಟು, ಅದರೊಳಗೆ ಸರಳಿನ ಬದಲು ಸೈಕಲ್ ಚಕ್ರದ ಕಡ್ಡಿಗಳು ಕಾಣಿಸಿದವು. ಕಂಬಕ್ಕೆ ನಾಲ್ಕು, ನಡುವೆ ಬಿಗಿದು ಕಟ್ಟಿದ ತಂತಿ, ಎಲ್ಲ ಪದ್ಧತಿಯ ಪ್ರಕಾರ. ಮಧ್ಯಾಹ್ನದ ನಿದ್ದೆಗಳಲ್ಲಿ ಎಷ್ಟು ಅನಾಹುತ ನಡೆದಿತ್ತು ಎಂದು ನಮಗೆಲ್ಲ ಆಗ ಅರ್ಥವಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವರ ಕಥೆ ಕೇಳಿದ್ದೆ. ಇಲ್ಲಿ ಮಾಡಿದವನು ನನ್ನಪ್ಪ.

ನಿರ್ದೇಶಕರು ಒಂದು ವಾರ ಕೊಟ್ಟರು. ಪಾತ್ರಾಂವ್ ಕೂಗಾಡಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ತಮ್ಮ ಅರ್ಧ ಕೊಂಕಣಿಯ ಕನ್ನಡದಲ್ಲಿ ನನಗೆ ಹೇಳಿದರು, ಬರುವ ವಾರ ಮನೆ ಬಿದ್ದರೆ ನೀವಿಬ್ಬರೂ ಇಲ್ಲಿ, ಮನೆ ನಿಂತರೆ ನೀವಿಬ್ಬರೂ ನಿಮ್ಮ ಮನೆಯಲ್ಲಿ. ಬೀಳದ ಕಟ್ಟಡವನ್ನು ಟೆಂಪೋದಲ್ಲಿ ನಮ್ಮ ಅಂಗಳಕ್ಕೆ ಸಾಗಿಸಿದರು, ಇನ್ನೆಲ್ಲಿಯೂ ಅದಕ್ಕೆ ಜಾಗವಿರಲಿಲ್ಲ.

ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಮನಿ ಕಟ್ಟಿ ನೋಡು, ಮದಿವಿ ಮಾಡಿ ನೋಡು ಅಂದಾರ ಹಿರ್ಯಾರು. ಮನಿ ಬೀಳಿಸಿ ನೋಡು ಅಂತ ಯಾರೂ ಅಂದಿದ್ದಿಲ್ಲ. ಇರಲಿ ಬಿಡು, ನಮ್ಮ ಮನೆತನಕ್ಕೂ ಒಂದು ಸ್ಲ್ಯಾಬಿನ ಮನಿ ಆತು.”

ಮರುದಿನವೇ ಅದರ ಟೆರೇಸಿನ ಮೇಲೆ ಹಪ್ಪಳ ಒಣಹಾಕಿದಳು. ನೆಲಮಹಡಿಗೆ ಒಂದು ಕೋಳಿ ಒಕ್ಕಲು ಬಂತು.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಅಪ್ಪ ಎರಡನೆಯದನ್ನು ಕಟ್ಟಲು ಕುಳಿತ. ಈ ಸಲ ನಿದ್ದೆ ಮಾಡದೆ ನಾನು ಎದುರಿಗೇ ಕುಳಿತೆ. ಪ್ಲಾಸ್ಟರು, ಕಟ್ಟಿಗೆಪುಡಿ, ಎಲ್ಲ ನಾನೇ ಕಲಸಿಕೊಟ್ಟೆ. ಅವನು ಕಲ್ಲಿಡುತ್ತಿದ್ದ, ಆಮೇಲೆ ಸಂದಿಯನ್ನು ಹೆಬ್ಬೆರಳಿನಿಂದ ಒತ್ತಿ ತುಂಬುತ್ತಿದ್ದ. ಒತ್ತಬೇಡ ಎಂದರೆ ಹೂಂ ಎನ್ನುತ್ತಿದ್ದ, ಹೆಬ್ಬೆರಳು ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಕಲ್ಲಿನ ಮೇಲೆ ಕಲ್ಲು ಸಂದಿ ಕೂಡದ ಹಾಗೆ ಇಡುತ್ತಿದ್ದ. ಸಂದಿ ಕೂಡಿದರೆ ಬೇಗ ಬಿರಿಯುತ್ತದೆ, ನಮಗೆ ಅದೇ ಬೇಕು ಎಂದರೆ, ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದ. ಅರ್ಧ ಮಹಡಿ ಎದ್ದಾಗ ನಾನು ಬೆರಳಿನಿಂದ ದೂಡಿ ನೋಡಿದೆ. ಅಲುಗಲಿಲ್ಲ.

ಪಾತ್ರಾಂವ್ ಬಂದು ಪಕ್ಕದಲ್ಲಿ ಕುಳಿತು ನರಕಾಸುರನ ಕಥೆ ಹೇಳಿದರು. ಎಷ್ಟು ಚೆಂದದ ಮೀಸೆ ಬರೆಯುತ್ತೇವೆ, ಎಷ್ಟು ಚೆಂದದ ಕಿರೀಟ, ಆಮೇಲೆ ಕಡ್ಡಿ ಗೀರುತ್ತೇವೆ, ಯಾರೂ ಅಳುವುದಿಲ್ಲ ಎಂದರು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. “ಅಂವ ರಾಕ್ಷಸ ಅದಾನ್ರಿ. ಇದು ಮನಿ,” ಎಂದ.

ಪಾತ್ರಾಂವ್ ಎದ್ದು ಹೋದರು. ಅಂದು ಸಂಜೆ ಅಪ್ಪ ಚಮಚದ ಕರಣೆಯನ್ನು ತೊಳೆದು ಅವ್ವನ ಅಡಿಗೆಮನೆಯಲ್ಲಿಟ್ಟ. ನನ್ನ ಕೈಲಿ ಆಗೂದಿಲ್ಲ, ನೀನಾದರೂ ಬ್ಯಾರೆ ಯಾರನ್ನರ ಕರಕೊಂಡು ನಿನ್ನ ಕೆಲಸ ಉಳಿಸಿಕೋ ಎಂದು ನನಗೆ ಹೇಳಿದ. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಅಳು ಬಂತು.

ಅವ್ವ ಕಳೆದ ಚಮಚ ಸಿಕ್ಕಿತೆಂದು ಮೊದಲು ಖುಷಿಪಟ್ಟಳು, ಆಮೇಲೆ ಅದರ ಗತಿ ನೋಡಿ ಬೆಕ್ಕಿನ ಕ್ಷಮೆ ಕೇಳಿದಳು. ರೊಟ್ಟಿ ಬಡಿಯುತ್ತಲೇ ಮಾತು ತೆಗೆದಳು. ಮದುವೆಯಾದಾಗಿನಿಂದ ಅಪ್ಪನ ಗೋಡೆಗಳಿಗೆ ತಲೆಯ ಮೇಲೆ ಗಾರೆ ಹೊತ್ತವಳು ಅವಳು.

“ನಿಮಗ ಹೊಲಸ ಕೆಲಸ ಮಾಡಾಕ ಬರೂದಿಲ್ಲ, ಖರೆ. ಆದ್ರ ಮಾಡಸಾವ್ರನ್ನ ಕಂಡೀರಿಲ್ಲ? ಅವರು ಯಾವಾಗರ ಕರಣಿ ಮುಟ್ಟಿದ್ರೇನು? ನೀವೂ ಮುಟ್ಟಬ್ಯಾಡ್ರಿ. ಕುರ್ಚಿ ಮ್ಯಾಲ ಕುಂಡರ್ರಿ.”

ಅಪ್ಪ ಬಹಳ ಹೊತ್ತು ಅವ್ವನನ್ನೇ ನೋಡಿದ. ಆಮೇಲೆ ಅವನ ಮೀಸೆಯ ಒಂದು ತುದಿ ಮೇಲೆದ್ದಿತು.

ಮರುದಿನ ಶೆಡ್ಡಿಗೆ ಒಬ್ಬ ಗುತ್ತಿಗೆದಾರ ಬಂದ. ಮದುವೆಮನೆಗೆ ಮಾತ್ರ ತೊಡುವ ಬಿಳಿ ಅಂಗಿ, ನನ್ನ ತಂಪು ಕನ್ನಡಕ, ಬೆರಳಿನಲ್ಲಿ ತಿರುಗುತ್ತಿದ್ದ ಬೀಗದ ಕೈ ಗೊಂಚಲು. ನಮ್ಮ ಮನೆಗೆ ಇರುವುದು ಒಂದೇ ಬೀಗ, ಉಳಿದ ಕೈಗಳನ್ನು ಎಲ್ಲಿಂದ ಹೊಂದಿಸಿದನೋ. ಒಳಗೆ ಬಂದವನೇ ಕುರ್ಚಿ ಎಳೆದುಕೊಂಡು ಕುಳಿತ, ಕಾಲ ಮೇಲೆ ಕಾಲು ಹಾಕಿದ, ಚಹಾ ತರಿಸಿದ, ಚಹಾ ತಣ್ಣಗಾಗಿದೆ ಎಂದು ಬೈದ. ರೊಟ್ಟಿ ಬುಟ್ಟಿ ಬಿಟ್ಟು ಅವ್ವನೂ ನೋಡಲು ಬಂದಿದ್ದಳು. ಅವಳನ್ನು ಗಾರೆ ಕಲಸಲು ಕೂರಿಸಿದ, ನನ್ನನ್ನು ಹೊಸ ಗೋಡೆಗೆ ಹಚ್ಚಿದ, ಬಾಗಿಲಲ್ಲಿ ನಿಂತ ಪಾತ್ರಾಂವ್‌ಗೆ “ಏ, ಏನ ನೋಡತಿ, ಕಲ್ಲ ಕೊಡು” ಎಂದ. ಅವರು ಪಾಪ, ಎರಡು ಹೆಜ್ಜೆ ಓಡಿ ಬಂದು ಕಲ್ಲು ಕೊಟ್ಟರು.

“ಮರಳ ಹಾಕು ಮರಳ. ಸಿಮೆಂಟ್ ಏನ ನಿಮ್ಮಪ್ಪನ ಮನೀಂದ ಬರತೈತೇನು? ಮಾಲಕರು ಬಂದಾಗ ಚೀಲ ತೋರಸು, ಹೋದ ಮ್ಯಾಲ ಒಳಗಿಡು.”

ನಾನು ಅವ್ವನ ಬಾಣಲೆಯ ಪ್ಲಾಸ್ಟರಿಗೆ ಮರಳೆಂದು ಕಟ್ಟಿಗೆಪುಡಿ ಸುರಿದೆ. ಪ್ಲಾಸ್ಟರಿನ ಮೇಲೆ ಪ್ಲಾಸ್ಟರು ಸವರಿದೆ.

“ಕಂಬಕ್ಕ ನಾಲ್ಕ ಸರಳ ಯಾಕ? ಎರಡ ಸಾಕು. ಎರಡೂ ಬ್ಯಾಡ, ಒಂದ ತೋರಿಸಿ ತೆಗಿ. ಸಂದಿ ತುಂಬಬ್ಯಾಡ, ಮ್ಯಾಲ ಗಿಲಾವ್ ಬೀಳತೈತಿ. ಸೊಟ್ಟ ಆತೇನು? ಬಣ್ಣ ಹಚ್ಚಿದ ಮ್ಯಾಲ ಯಾರಪ್ಪಗ ಗೊತ್ತಾಕ್ಕೈತಿ? ನೀರ ಹೊಡ್ಯಾಕ ಟೈಮಿಲ್ಲ, ನಾಳೆ ಉದ್ಘಾಟನೆ ಐತಿ.”

ಅವ್ವ ನಕ್ಕು ನಕ್ಕು ಕಲಸುವ ಬಾಣಲೆಯ ಮೇಲೆ ಬೀಳುವಂತಾದಳು. ಪಾತ್ರಾಂವ್ ಅಂದಿನ ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟರು, ಇದು ಶೆಡ್ಡಿನ ಚರಿತ್ರೆಯಲ್ಲಿ ಮೊದಲ ಸಲ. ಗೋಡೆ ಎಷ್ಟು ಕೆಟ್ಟದಾಗಿ, ಎಷ್ಟು ಬೇಗ ಎದ್ದಿತೆಂದರೆ ಮೂರು ಮಹಡಿ ಮುಗಿದದ್ದೇ ತಿಳಿಯಲಿಲ್ಲ. ಹೊರಗಿನಿಂದ ಮೊದಲಿನದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ದೀಪದ ಗೂಡು ಬಿಡಬೇಕಾದ ಒಳಗೋಡೆಗೆ ಬಂದಾಗ ನಾನು ಕೈ ತಡೆದೆ. ತಮಾಷೆಗೆಂದೇ ಕೇಳಿದೆ.

“ಸಾಹೇಬ್ರ, ಒಳಗ ಮಂದಿ ಇರತಾರಲ್ರಿ. ಗೋಡಿ ಇಷ್ಟು ಸಡಲ ಇದ್ರ ಹೆಂಗ?”

ಬೀಗದ ಕೈಗಳು ತಿರುಗುವುದು ನಿಂತಿತು.

“ಅಲ್ಲಿ ನೀ ಇರಾಂವ ಅಲ್ಲಲ್ಲ,” ಎಂದ ಅಪ್ಪ. “ಹಂಗ ಅಂತಿದ್ರು.”

ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕನ್ನಡಕ ಸ್ವಚ್ಛವಾಗಿಯೇ ಇತ್ತು. ಅಷ್ಟು ಹೊತ್ತು ನಾವು ನಗುತ್ತಿದ್ದ ಒಂದೊಂದು ಮಾತನ್ನೂ ಅವನು ಸಾರವೆಯ ಮೇಲೆ ನಿಂತು, ಕರಣೆ ಹಿಡಿದುಕೊಂಡು, ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಾನೆ ಎಂಬುದು ನನಗೆ ಆಗ ತಟ್ಟಿತು. ಬಸ್ಸಿನ ಕಿಟಕಿಯಾಚೆ ನಂದು ನಂದು ಎನ್ನುವ ಮನೆಗಳಲ್ಲಿ ತನ್ನ ಹೆಬ್ಬೆರಳಿನಿಂದ ಎಷ್ಟು ಸಂದಿಗಳನ್ನು ಕದ್ದು ತುಂಬಿದ್ದನೋ. ಅವ್ವ ಬಾಣಲೆಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

ಅವನು ಕನ್ನಡಕ ಮತ್ತೆ ಹಾಕಿಕೊಂಡ. “ಏ, ಗೂಡು ಗೀಡು ಏನೂ ಬ್ಯಾಡ. ಗೋಡಿ ಮುಚ್ಚು,” ಎಂದ. ನಾನು ಮುಚ್ಚಿದೆ.

ನಿರ್ದೇಶಕರು ಮತ್ತೆ ಬಂದರು. ಈ ಸಲ ಕಟ್ಟಡವನ್ನು ಇಬ್ಬರೇ ಎತ್ತಿದರು, ಅದೇ ಒಂದು ಶುಭಶಕುನ. ಹೊಸ ತಂತಿ, ಹೊಸ ಮದ್ದು, ಹೊಸ ಮುಲ್ತಾನಿ ಮಿಟ್ಟಿ. ಅಪ್ಪ ಬಯಲಿನ ಆಚೆಯ ಗೇರುಮರದ ಕೆಳಗೆ ಅದೇ ಬಿಳಿ ಅಂಗಿಯಲ್ಲಿ ನಮಗೆ ಬೆನ್ನು ಮಾಡಿ ಕುಳಿತಿದ್ದ. ನಾನು ಓಡಿಹೋದೆ.

“ಅಪ್ಪಾ, ಬಾ. ಕರಿ. ಎಲ್ಲಾರೂ ಕಾಯಾಕತ್ತಾರ.”

“ನಾ ಕಟ್ಟಿಲ್ಲಲ್ಲ ಅದನ್ನ. ಗುತ್ತೇದಾರ ಕಟ್ಟಸಿದ್ದು.” ಅವನು ತಿರುಗಲಿಲ್ಲ. “ಗುತ್ತೇದಾರ ಯಾವಾಗ ಕರದಾನ?”

ನಾನು ಒಬ್ಬಳೇ ವಾಪಸು ಬಂದೆ. ಕ್ಯಾಮೆರಾದವರು ಬೆರಳು ಎತ್ತಿ ಸಿದ್ಧ ಎಂದರು. ನಿರ್ದೇಶಕರು ಬಾಯಿ ತೆರೆದಿದ್ದರು. ನಾನು ಕೈ ಎತ್ತಿ ನಿಲ್ಲಿಸಿ, ಕಟ್ಟಡದ ಮುಂದೆ ಬಗ್ಗಿ, ಗೇರುಮರದವರೆಗೆ ಕೇಳುವಷ್ಟು ಜೋರಾಗಿ ಕೂಗಿದೆ.

“ಒಳಗ ಯಾರದೀರಿ, ಹೊರಗ ಬರ್ರಿ.”

ಒಂದನೆಯ ಮಹಡಿಗೆ, ಎರಡನೆಯದಕ್ಕೆ. ಮೂರನೆಯದಕ್ಕೆ ಪಾತ್ರಾಂವ್ ಪಕ್ಕಕ್ಕೆ ಬಂದು ನಿಂತು ಕೊಂಕಣಿಯಲ್ಲಿ ತಾವೂ ಕೂಗಿದರು. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಬಿತ್ತು ನೋಡಿ. ಜೀಪು ಪೂರ್ತಿ ಎಳೆಯುವ ಮೊದಲೇ ಕೆಳಗಿನ ಕಂಬಗಳು ಮಡಚಿಕೊಂಡವು, ಗೋಡೆ ನಡುವಿನಿಂದ ಬಿರಿಯಿತು, ಮಹಡಿಯ ಮೇಲೆ ಮಹಡಿ ಕುಳಿತು, ಟಾಂಕಿ ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗೆ ಮಾಡಿ ಧೂಳಿನೊಳಗೆ ಹೋಯಿತು. ಇಂಥ ಕುಸಿತ ನಮ್ಮ ಶೆಡ್ಡಿನಲ್ಲಿ ಹಿಂದೆ ಆಗಿರಲಿಲ್ಲ. ನಿರ್ದೇಶಕರು ಪಾತ್ರಾಂವ್‌ರನ್ನು ಅಪ್ಪಿಕೊಂಡರು. ಪಾತ್ರಾಂವ್ ಮುಖವೆಲ್ಲ ಧೂಳಾಗಿ ನನ್ನ ಕಡೆ ತಿರುಗಿ, ಸೋಮವಾರದಿಂದ ರೈಲಿನ ಸೇತುವೆ ಶುರು, ಹೋಗಿ ಆ ಸಾಹೇಬರಿಗೆ ಬೆಳಗ್ಗೆ ಬೇಗ ಬರಲು ಹೇಳು, ಬೆಂಚಿನ ಕಿಟಕಿ ಬದಿಯ ಜಾಗ ಅವರದು ಎಂದರು.

ನಾನು ಗೇರುಮರದ ಕಡೆ ಓಡಿದೆ. ಓಡುತ್ತಲೇ ಇದನ್ನು ಹೇಗೆ ಆಟವಾಡಿಸಿ ಹೇಳಲಿ, ಮೊದಲು ಮುಖ ಸಪ್ಪೆ ಮಾಡಿಕೊಂಡು ಹೋಗಿ ಹೆದರಿಸಲೇ ಎಂದು ಲೆಕ್ಕ ಹಾಕುತ್ತಿದ್ದೆ. ಹತ್ತಿರ ಹೋದಾಗಲೂ ಅಪ್ಪ ಬೆನ್ನು ಮಾಡಿಯೇ ಕುಳಿತಿದ್ದ. ಬೀಗದ ಕೈಗಳ ಗೊಂಚಲು ಅವನ ಮುಷ್ಟಿಯಲ್ಲಿ ಬಿಗಿಯಾಗಿತ್ತು.

“ಬಿತ್ತೇನು?”

“ಬಿತ್ತಪ್ಪ.”

ಅವನು ಗೊಂಚಲನ್ನು ನೆಲದ ಮೇಲಿಟ್ಟ.

“ಎಲ್ಲಾರೂ ಹೊರಗ ಬಂದಿದ್ರೇನು?”

ಆಟವಾಡಿಸುವ ಮಾತೆಲ್ಲ ನನಗೆ ಮರೆತುಹೋಯಿತು.

“ಬಂದಿದ್ರಪ್ಪ. ಒಬ್ಬರೂ ಉಳೀಲಿಲ್ಲ.”

ಆಗ ಅಪ್ಪ ಈ ಕಡೆ ತಿರುಗಿದ.